ಪುಟ ಎಲ್ಲಿ ಕಾಯುತ್ತಿದೆ?

ಬೆಂಗಳೂರಿನ ವಿಜಯನಗರದ ಯಾವ ಮುಖ್ಯರಸ್ತೆಗೆ ಹೋದರೂ ನಾಲ್ಕು ಹೆಜ್ಜೆಗೊಂದು ಜೆರಾಕ್ಸ್ ಅಂಗಡಿ. ಹೆಸರು ಜೆರಾಕ್ಸ್ ಆದರೂ ಈಗ ಅಲ್ಲಿ ಹೆಚ್ಚಾಗಿ ನಡೆಯುವುದು ಆನ್‌ಲೈನ್ ಅರ್ಜಿ ತುಂಬುವ ಕೆಲಸ: ಜಾತಿ-ಆದಾಯ ಪ್ರಮಾಣಪತ್ರ, ಸಿಇಟಿ ಅರ್ಜಿ, ಊರಿನ ಜಮೀನಿನ ಪಹಣಿ, ಮನೆಯ ಇ-ಖಾತಾ. ಪುಟ ತೆರೆಯದಿದ್ದಾಗ ಅಂಗಡಿಯವರು ಪರದೆಯಿಂದ ಕಣ್ಣು ತೆಗೆಯದೆ ಹೇಳುವುದು ಎರಡೇ ಮಾತು. ಒಂದು, "ನೆಟ್ ಸ್ಲೋ ಇದೆ." ಇನ್ನೊಂದು, "ಸರ್ವರ್ ಬ್ಯುಸಿ ಇದೆ ಅಮ್ಮಾ, ಸಂಜೆ ಬನ್ನಿ." ಮನೆಗೆ ಬಂದು ನಮ್ಮದೇ ಲ್ಯಾಪ್‌ಟಾಪಿನಲ್ಲಿ ಪ್ರಯತ್ನಿಸಿದರೂ ಅದೇ ಬಿಳಿ ಪರದೆ, ಅದೇ ತಿರುಗುವ ಚಕ್ರ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದರೆ ಬಹಳ ಸಲ ಸಿಗುವ ಸಲಹೆ, "ಪ್ಲ್ಯಾನ್ ಅಪ್‌ಗ್ರೇಡ್ ಮಾಡಿಕೊಳ್ಳಿ ಸರ್." 40 ಎಂಬಿಪಿಎಸ್ ಇದ್ದದ್ದು 100 ಆಗುತ್ತದೆ, 100 ಇದ್ದದ್ದು 300. ತಿಂಗಳ ಬಿಲ್ಲು ಏರುತ್ತದೆ, ಚಕ್ರ ಮಾತ್ರ ತಿರುಗುತ್ತಲೇ ಇರುತ್ತದೆ.

ಹೆಚ್ಚಿನ ಮನೆಗಳಲ್ಲಿ ಆ ಏರಿದ ಬಿಲ್ಲು ಬೇಡವಾಗಿದ್ದ ಖರ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಆಧಾರವೂ ಇದೆ. 2010ರಲ್ಲಿ ಗೂಗಲ್‌ನ ಎಂಜಿನಿಯರ್ ಮೈಕ್ ಬೆಲ್ಶೆ ಒಂದು ಸರಳ ಪ್ರಯೋಗ ಮಾಡಿದರು. ಜನಪ್ರಿಯ ಜಾಲತಾಣಗಳನ್ನು ಬೇರೆ ಬೇರೆ ಬ್ಯಾಂಡ್‌ವಿಡ್ತ್‌ನಲ್ಲಿ ತೆರೆದು, ಪುಟ ಪೂರ್ತಿ ಬರಲು ಎಷ್ಟು ಹೊತ್ತಾಯಿತೆಂದು ಅಳೆದರು. 1 ಎಂಬಿಪಿಎಸ್‌ನಿಂದ 2ಕ್ಕೆ ಹೋದಾಗ ಒಳ್ಳೆಯ ಲಾಭ ಕಂಡಿತು. 5ರಿಂದ 10ಕ್ಕೆ, ಅಂದರೆ ನೇರ ಎರಡು ಪಟ್ಟಿಗೆ, ಏರಿಸಿದಾಗ ಉಳಿದ ಸಮಯ ಶೇಕಡಾ 5ರಷ್ಟು. ಬಳಿಕ ಬ್ಯಾಂಡ್‌ವಿಡ್ತ್ ಹಾಗೆಯೇ ಇಟ್ಟು, ಒಂದು ಪ್ಯಾಕೆಟ್, ಅಂದರೆ ದತ್ತಾಂಶದ ಪುಟ್ಟ ಕಟ್ಟು, ಸರ್ವರ್‌ಗೆ ಹೋಗಿ ಉತ್ತರ ತರಲು ತೆಗೆದುಕೊಳ್ಳುವ ಸಮಯವನ್ನು ಇಳಿಸುತ್ತ ಬಂದರು. ಈ ಸಲ ಪ್ರತಿ ಇಳಿಕೆಗೂ ಪುಟ ಅಷ್ಟಷ್ಟೇ ಬೇಗ ಬಂತು, ಲಾಭ ಎಲ್ಲೂ ನಿಲ್ಲಲಿಲ್ಲ.

ಎಂಬಿಪಿಎಸ್ ಎಂಬುದು ಒಂದು ಸೆಕೆಂಡಿನಲ್ಲಿ ಎಷ್ಟು ಸಾಮಾನು ಸಾಗಬಹುದು ಎಂಬ ಲೆಕ್ಕ. ಮೆಜೆಸ್ಟಿಕ್‌ನಿಂದ ಕೆಂಗೇರಿಗೆ ಹೋಗುವ ಬಸ್ಸಿಗೆ ಇನ್ನೂ ಇಪ್ಪತ್ತು ಸೀಟು ಹಾಕಿಸಿದರೆ ಹೆಚ್ಚು ಜನ ಕೂರಬಹುದು, ಆದರೆ ಕೆಂಗೇರಿ ಹತ್ತಿರವಾಗುವುದಿಲ್ಲ. ಬ್ರೌಸರ್ ಮಾಡುವ ಪ್ರಯಾಣವೋ ಒಂದಲ್ಲ. ಒಂದು ಪುಟಕ್ಕಾಗಿ ಅದು ಮತ್ತೆ ಮತ್ತೆ ಹೋಗಿ ಬರಬೇಕು.

ಆ ಸುತ್ತುಗಳನ್ನು ಒಮ್ಮೆ ಎಣಿಸೋಣ. ನೀವು ಟೈಪ್ ಮಾಡಿದ ಹೆಸರಿಗೆ ಯಾವ ಅಂಕಿಯ ವಿಳಾಸ ಎಂದು ಬ್ರೌಸರ್ ಮೊದಲು ಕೇಳಬೇಕು. ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ರೂಪಿಸಿದ ಡಿಎನ್‌ಎಸ್ ಆ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ನಿಮ್ಮ ಇಂಟರ್ನೆಟ್ ಕಂಪನಿಯ ಹತ್ತಿರದ ಕಂಪ್ಯೂಟರೇ ಉತ್ತರಿಸುವುದರಿಂದ ಇದು ಬೇಗ ಮುಗಿಯುತ್ತದೆ. ಆಮೇಲೆ ಆ ವಿಳಾಸದ ಸರ್ವರ್ ಜೊತೆ ಟಿಸಿಪಿ ಸಂಪರ್ಕಕ್ಕೆ ಒಂದು ಸುತ್ತು. ಮಾತುಕತೆ ಗುಟ್ಟಾಗಿರಲು ಬೇಕಾದ ಬೀಗದ ಕೈಗಳನ್ನು ಇಬ್ಬರೂ ಒಪ್ಪಿಕೊಳ್ಳಲು ಇನ್ನೊಂದು ಸುತ್ತು, ಹಳೆಯ ಪದ್ಧತಿಯಾದರೆ ಎರಡು. ಇಷ್ಟೆಲ್ಲ ಆದ ಮೇಲೆ "ಈ ಪುಟ ಕೊಡು" ಎಂಬ ಕೋರಿಕೆ ಹೊರಡುತ್ತದೆ. ಇವುಗಳಲ್ಲಿ ಸಾಗುವ ಸಾಮಾನು ಕೆಲವೇ ಕಿಲೋಬೈಟ್. 40 ಎಂಬಿಪಿಎಸ್‌ಗೂ 300ಕ್ಕೂ ಇಲ್ಲಿ ಯಾವ ವ್ಯತ್ಯಾಸವೂ ಇಲ್ಲ.

ಸುತ್ತಿನ ಸಮಯವನ್ನು ನಿರ್ಧರಿಸುವುದು ಮೊದಲನೆಯದಾಗಿ ಬೆಳಕು. ಗಾಜಿನ ಎಳೆಯೊಳಗೆ ಅದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಮುಂಬೈ ಆಕಾಶಮಾರ್ಗದಲ್ಲಿ 840 ಕಿ.ಮೀ. ಆಸುಪಾಸು. ಹೋಗಿಬರಲು 8-9 ಮಿಲಿಸೆಕೆಂಡ್ ಸಾಕು. ಕೇಬಲ್ಲಿನ ಬಳಸುದಾರಿ ಮತ್ತು ನಡುವಿನ ಯಂತ್ರಗಳೆಲ್ಲ ಸೇರಿ ವಾಸ್ತವದಲ್ಲಿ ಇಪ್ಪತ್ತೈದರಷ್ಟು ಆಗುತ್ತದೆ. ಅಮೆರಿಕದ ವರ್ಜೀನಿಯಾದಲ್ಲಿ ದೊಡ್ಡ ದೊಡ್ಡ ಡೇಟಾ ಕೇಂದ್ರಗಳಿವೆ. ಅಲ್ಲಿಗೆ ಹದಿಮೂರೂವರೆ ಸಾವಿರ ಕಿ.ಮೀ. ಬೆಳಕು ನೇರವಾಗಿ ಓಡಿದರೂ 135 ಮಿಲಿಸೆಕೆಂಡ್ ಬೇಕು, ಸಮುದ್ರದಡಿಯ ಕೇಬಲ್ ಹಿಡಿದು ಹೋದರೆ ಇನ್ನೂರು ದಾಟುತ್ತದೆ. ಯಾವ ಕಂಪನಿಯ ಯಾವ ಪ್ಲ್ಯಾನೂ ಇದನ್ನು ಕಡಿಮೆ ಮಾಡಲಾರದು.

ಬೆಂಗಳೂರಿಗೆ ಈ ಕಾಯುವಿಕೆಯ ಪರಿಚಯ ಹಳೆಯದು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಮಿಲ್ಲರ್ಸ್ ರಸ್ತೆಯಲ್ಲಿ ಕಚೇರಿ ತೆರೆದು, ಅಮೆರಿಕದ ಜೊತೆ ಉಪಗ್ರಹದ ಮೂಲಕ ಸಂಪರ್ಕ ಕಟ್ಟಿಕೊಂಡಿತು. ಭೂಸ್ಥಿರ ಉಪಗ್ರಹ ಇರುವುದು 36 ಸಾವಿರ ಕಿ.ಮೀ. ಎತ್ತರದಲ್ಲಿ. ಸಂದೇಶ ಮೇಲೇರಿ ಕೆಳಗಿಳಿಯಲು ಕಾಲು ಸೆಕೆಂಡ್, ಉತ್ತರ ಬರಲು ಇನ್ನೊಂದು ಕಾಲು ಸೆಕೆಂಡ್. ಇಂಥ ಅರ್ಧ ಸೆಕೆಂಡಿನ ಸುತ್ತಿನಲ್ಲಿ ಇಂದಿನ ಜಾಲಪುಟ ತೆರೆಯಬೇಕಾಗಿದ್ದರೆ ಮೊದಲ ಅಕ್ಷರ ಕಾಣಲು ಒಂದೂವರೆ ಸೆಕೆಂಡು ಬೇಕಾಗುತ್ತಿತ್ತು. ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟ ಮೇಲೂ ಹಲವು ವರ್ಷ ದೇಶದೊಳಗಿನ ದಾರಿಗಳು ಸರಿಯಿರಲಿಲ್ಲ. ಬಸವೇಶ್ವರನಗರದ ಒಂದು ಮನೆಯ ಪ್ಯಾಕೆಟ್ ಬೇರೆ ಕಂಪನಿಯ ಸಂಪರ್ಕವಿದ್ದ ಪಕ್ಕದ ಮನೆ ತಲುಪಲು ಕಡಲಾಚೆ ಹೋಗಿ ಬರಬೇಕಾದ ಸಂದರ್ಭಗಳಿದ್ದವು. ದೇಶದ ಕಂಪನಿಗಳು ಪರಸ್ಪರ ಇಲ್ಲೇ ಪ್ಯಾಕೆಟ್ ಬದಲಾಯಿಸಿಕೊಳ್ಳಲಿ ಎಂದು 2003ರಲ್ಲಿ ನಿಕ್ಸಿ ಸಂಸ್ಥೆ ಹುಟ್ಟಿದ್ದು ಈ ಕಾರಣಕ್ಕೇ. 2016ರಲ್ಲಿ ಅಮೆಜಾನ್, 2017ರಲ್ಲಿ ಗೂಗಲ್ ಮುಂಬೈನಲ್ಲಿ ಕ್ಲೌಡ್ ಕೇಂದ್ರ ತೆರೆದವು. ನಮ್ಮ ಪುಟಗಳು ಬೇಗ ಬರುವಂತಾದದ್ದರಲ್ಲಿ ಎಂಬಿಪಿಎಸ್‌ನ ಪಾಲಿನಷ್ಟೇ ಈ ಹತ್ತಿರವಾದ ಸರ್ವರ್‌ಗಳ ಪಾಲೂ ಇದೆ.

ದೂರದ ಜೊತೆಗೆ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಎರಡರ ನಡುವಿನ ದೂರ ಬರೀ 400 ಗಜ. ತಂತಿ ಕಡಿದಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ವ್ಯಾನ್ ಜೇಕಬ್‌ಸನ್ ಎಂಬ ವಿಜ್ಞಾನಿ ಇದರ ಬೆನ್ನು ಹತ್ತಿದರು. ಪ್ರತಿ ಕಂಪ್ಯೂಟರೂ ತನಗೆ ತೋಚಿದಷ್ಟು ಪ್ಯಾಕೆಟ್‌ಗಳನ್ನು ಒಮ್ಮೆಗೇ ಸುರಿಯುತ್ತಿತ್ತು. ನಡುವಿನ ಯಂತ್ರ ತುಂಬಿ ಪ್ಯಾಕೆಟ್‌ಗಳು ಬಿದ್ದುಹೋಗುತ್ತಿದ್ದವು. ಬಿದ್ದದ್ದನ್ನು ಮತ್ತೆ ಕಳಿಸಿದಾಗ ದಟ್ಟಣೆ ಇನ್ನೂ ಹೆಚ್ಚುತ್ತಿತ್ತು. 1988ರಲ್ಲಿ ಅವರು ಪ್ರಕಟಿಸಿದ ಪರಿಹಾರ ಇಂದಿಗೂ ಇಂಟರ್ನೆಟ್ಟನ್ನು ಕುಸಿಯದಂತೆ ಹಿಡಿದಿದೆ: ಯಾರೂ ಪೂರ್ಣ ವೇಗದಲ್ಲಿ ಶುರು ಮಾಡಬಾರದು. ಕೆಲವೇ ಪ್ಯಾಕೆಟ್ ಕಳಿಸು, ತಲುಪಿತೆಂಬ ಉತ್ತರ ಬಂದರೆ ಮುಂದಿನ ಸುತ್ತಿನಲ್ಲಿ ಎರಡರಷ್ಟು ಕಳಿಸು. ಒಂದು ಪ್ಯಾಕೆಟ್ ಕಳೆದುಹೋದರೂ ದಾರಿ ತುಂಬಿದೆ ಎಂದು ತಿಳಿದು ಕೈ ಹಿಂದೆಗೆ.

ಇದರಿಂದ ನಮಗೇನಾಗುತ್ತದೆ? ಈಗಿನ ಸರ್ವರ್‌ಗಳು ಸಾಮಾನ್ಯವಾಗಿ 10 ಪ್ಯಾಕೆಟ್‌ಗಳಿಂದ, ಅಂದರೆ ಸುಮಾರು 14 ಕಿಲೋಬೈಟ್‌ನಿಂದ, ಆರಂಭಿಸುತ್ತವೆ. ಆಮೇಲೆ 20, 40, 80. ವರ್ಜೀನಿಯಾದಲ್ಲಿರುವ 200 ಕಿಲೋಬೈಟ್‌ನ ಒಂದು ಫೋಟೊ ತರಲು ನಾಲ್ಕು ಸುತ್ತು ಬೇಕು. ಸಂಪರ್ಕ ಮತ್ತು ಬೀಗದ ಎರಡು ಸುತ್ತು ಸೇರಿ ಆರು. ಸುತ್ತಿಗೆ 230 ಮಿಲಿಸೆಕೆಂಡ್ ಎಂದುಕೊಂಡರೆ ಒಟ್ಟು 1.4 ಸೆಕೆಂಡ್. ಅದೇ ಫೋಟೊ ಮುಂಬೈನಲ್ಲಿದ್ದರೆ 0.15 ಸೆಕೆಂಡ್. ಆ 200 ಕಿಲೋಬೈಟ್ ತಂತಿಯಲ್ಲಿ ಹರಿಯಲು 100 ಎಂಬಿಪಿಎಸ್‌ನಲ್ಲಿ 16 ಮಿಲಿಸೆಕೆಂಡ್ ಹಿಡಿದರೆ 300ರಲ್ಲಿ ಐದು. ಹೆಚ್ಚಿನ ಹಣ ಕೊಟ್ಟು ನೀವು ಉಳಿಸಿದ್ದು ಒಂದೂವರೆ ಸೆಕೆಂಡಿನಲ್ಲಿ ಹನ್ನೊಂದು ಮಿಲಿಸೆಕೆಂಡ್. 2015ರ ಎಚ್‌ಟಿಟಿಪಿ/2 ಮತ್ತು 2022ರ ಎಚ್‌ಟಿಟಿಪಿ/3 ಎರಡೂ ಹುಟ್ಟಿದ್ದು ಮುಖ್ಯವಾಗಿ ಈ ಸುತ್ತುಗಳನ್ನು ಕಡಿಮೆ ಮಾಡಲು.

ಹಾಗಾದರೆ ನಿಮ್ಮ ಮನೆಯ ಪುಟ ಯಾವ ಸುತ್ತಿನಲ್ಲಿ ನಿಂತಿದೆ? ಊಹಿಸಬೇಕಾಗಿಲ್ಲ, ಬ್ರೌಸರೇ ಹೇಳುತ್ತದೆ. ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಎಂಬ ಭಾಗಕ್ಕೆ ಹೋಗಿ, ಪುಟವನ್ನು ಮತ್ತೊಮ್ಮೆ ತೆರೆಯಿರಿ. ಪುಟದ ಪ್ರತಿ ತುಣುಕಿಗೂ ಒಂದು ಸಾಲು, ಸಾಲಿನ ತುದಿಯಲ್ಲಿ ಬಣ್ಣದ ಪಟ್ಟಿ. ಇಂದಿನ ಸಾಮಾನ್ಯ ಪುಟವೊಂದರಲ್ಲಿ ಇಂಥ ಎಪ್ಪತ್ತರಷ್ಟು ಸಾಲುಗಳಿರುತ್ತವೆ, ಒಟ್ಟು ತೂಕ 2 ಮೆಗಾಬೈಟ್ ಮೀರುತ್ತದೆ. ಪಟ್ಟಿಯ ಮೇಲೆ ಮೌಸ್ ಇಟ್ಟರೆ ಸಮಯದ ಹಂಚಿಕೆ ಕಾಣುತ್ತದೆ. 'ಡಿಎನ್‌ಎಸ್ ಲುಕಪ್' ನೂರಾರು ಮಿಲಿಸೆಕೆಂಡ್ ತಿಂದಿದ್ದರೆ ವಿಳಾಸ ಹುಡುಕುವಲ್ಲಿ ತೊಂದರೆ, ರೌಟರಿನಲ್ಲಿ ಡಿಎನ್‌ಎಸ್ ವಿಳಾಸವಾಗಿ 8.8.8.8 ಅಥವಾ 1.1.1.1 ಹಾಕಿ ನೋಡಬಹುದು. 'ಇನಿಶಿಯಲ್ ಕನೆಕ್ಷನ್' ಉದ್ದವಾಗಿದ್ದರೆ ದೂರ, ಇಲ್ಲವೇ ದಾರಿಯಲ್ಲಿ ಪ್ಯಾಕೆಟ್ ಕಳೆಯುತ್ತಿದೆ. 'ವೇಟಿಂಗ್ ಫಾರ್ ಸರ್ವರ್ ರೆಸ್ಪಾನ್ಸ್' ಎಂಬುದೊಂದೇ ಸೆಕೆಂಡುಗಟ್ಟಲೆ ಹಿಗ್ಗಿದ್ದರೆ ಬಹುಮಟ್ಟಿಗೆ ಆ ಕಡೆಯ ಸರ್ವರೇ ತಡ ಮಾಡುತ್ತಿದೆ. 'ಕಂಟೆಂಟ್ ಡೌನ್‌ಲೋಡ್' ಬಹಳ ಹೊತ್ತು ಹಿಡಿದಿದ್ದರೆ ಆಗ ಮಾತ್ರ ಎಂಬಿಪಿಎಸ್ ಮೇಲೆ ಅನುಮಾನ ಪಡಲು ಕಾರಣವಿದೆ.

ಅದಕ್ಕೂ ಮೊದಲು ಎರಡು ಪ್ರಶ್ನೆ ಕೇಳಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಒಂದೇ ತಾಣ ನಿಧಾನವೋ, ಎಲ್ಲವೂ ನಿಧಾನವೋ? ಒಂದೇ ಯಂತ್ರದಲ್ಲಿ ನಿಧಾನವೋ, ಮನೆಯವರೆಲ್ಲರ ಫೋನಿನಲ್ಲೂ ಹಾಗೆಯೋ? ಎಲ್ಲ ತಾಣ, ಎಲ್ಲರ ಫೋನು ಎಂದಾದರೆ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರ ರೌಟರಿಗೆ ಸಿಕ್ಕಿಸಿ ನೋಡಿ. ಪುಟಗಳು ಥಟ್ಟನೆ ಬಂದರೆ ಅಪರಾಧಿ ನಿಮ್ಮ ಮನೆಯೊಳಗಿನ ಗಾಳಿಯಲ್ಲೇ ಇದ್ದಾನೆ. ಪಶ್ಚಿಮ ಬೆಂಗಳೂರಿನಲ್ಲಿ ನಾನು ಮೊದಲು ಹುಡುಕುವ ಜಾಗವೂ ಅದೇ.

ರಾಜಾಜಿನಗರದ ಒಂದು ಅಡ್ಡರಸ್ತೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೂವತ್ತು-ನಲವತ್ತರ ಸೈಟುಗಳು, ಗೋಡೆಗೆ ಗೋಡೆ ತಾಗಿದಂತೆ ಮನೆಗಳು. ಕೆಳಗೆ ಮಾಲೀಕರು, ಮೇಲೆ ಎರಡು-ಮೂರು ಬಾಡಿಗೆ ಮನೆ. ಪ್ರತಿ ಮನೆಗೂ ಬೇರೆ ಸಂಪರ್ಕ, ಬೇರೆ ರೌಟರ್. ಹಾಲಿನಲ್ಲಿ ನಿಂತು ಫೋನಿನ ವೈ-ಫೈ ಪಟ್ಟಿ ತೆರೆದರೆ ಹದಿನೈದು ಇಪ್ಪತ್ತು ಹೆಸರು. ಇವೆಲ್ಲ 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದರೆ ಹಂಚಿಕೊಳ್ಳಬೇಕಾದ ಜಾಗ ಬಹಳ ಕಿರಿದು. ಹೆಸರಿಗೆ ನಮ್ಮಲ್ಲಿ 13 ಚಾನೆಲ್ ಇವೆ, ಆದರೆ ಒಂದರ ಮೇಲೊಂದು ಬೀಳದೆ ಇರಬಲ್ಲವು ಮೂರೇ: 1, 6 ಮತ್ತು 11.

ವೈ-ಫೈನ ಕಾನೂನು ಸೌಜನ್ಯದ್ದು. ಮಾತಾಡುವ ಮುನ್ನ ಪ್ರತಿ ಯಂತ್ರವೂ ಕಿವಿಗೊಟ್ಟು ಕೇಳಬೇಕು. ಅದೇ ಚಾನೆಲ್‌ನಲ್ಲಿ ಬೇರೊಬ್ಬರು ಮಾತಾಡುತ್ತಿದ್ದರೆ ಸುಮ್ಮನಿರಬೇಕು, ಆಮೇಲೂ ಒಂದಿಷ್ಟು ಮನಬಂದ ಹೊತ್ತು ಕಾದು ಬಾಯಿ ತೆರೆಯಬೇಕು. ಪಕ್ಕದ ಮನೆಯ ಕ್ರಿಕೆಟ್ ನೇರಪ್ರಸಾರಕ್ಕೂ ನಿಮ್ಮ ಬ್ರೌಸರಿಗೂ ಈ ನಿಯಮ ಒಂದೇ. ಯಾರೂ ಏನೂ ನೋಡದಿದ್ದಾಗಲೂ ಪ್ರತಿ ರೌಟರ್ ಸೆಕೆಂಡಿಗೆ ಹತ್ತರಂತೆ "ನಾನಿಲ್ಲಿದ್ದೇನೆ" ಎಂದು ತನ್ನ ಹೆಸರು ಸಾರುತ್ತಿರುತ್ತದೆ. ಹಳೆಯ ಯಂತ್ರಗಳಿಗೂ ತಿಳಿಯಲೆಂದು ಈ ಸಾರುವಿಕೆ ಹೆಚ್ಚಿನ ರೌಟರುಗಳಲ್ಲಿ 1 ಎಂಬಿಪಿಎಸ್ ವೇಗದಲ್ಲಿ ನಡೆಯುತ್ತದೆ. ಒಂದೊಂದು 300 ಬೈಟ್ ಎಂದು ಹಿಡಿದರೆ ತಲಾ ಎರಡೂವರೆ ಮಿಲಿಸೆಕೆಂಡ್ ಹತ್ತಿರ. ಒಂದು ಚಾನೆಲ್‌ನಲ್ಲಿ ಹತ್ತು ರೌಟರಿದ್ದರೆ ಗಾಳಿಯ ಕಾಲು ಭಾಗ ಹೆಸರು ಹೇಳುವುದರಲ್ಲೇ ಖರ್ಚಾಯಿತು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಂದರೆಯನ್ನು 2003ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು ತೋರಿಸಿದರು. ವೈ-ಫೈ ಎಲ್ಲರಿಗೂ ಮಾತಾಡುವ ಸರದಿಯನ್ನು ಸಮನಾಗಿ ಹಂಚುತ್ತದೆ, ಆದರೆ ಒಂದು ಸರದಿ ಎಷ್ಟು ಹೊತ್ತು ಎಂಬುದಕ್ಕೆ ಲೆಕ್ಕವಿಲ್ಲ. ಹಿಂದಿನ ಕೋಣೆಯಲ್ಲಿ ಎರಡು ಗೋಡೆಯಾಚೆ ಇರುವ ಹಳೆಯ ಫೋನು ಸಿಗ್ನಲ್ ಕಡಿಮೆಯಾದ್ದರಿಂದ ನಿಧಾನವಾಗಿ ಮಾತಾಡುತ್ತದೆ. ಅಷ್ಟೂ ಹೊತ್ತು ರೌಟರಿನ ಪಕ್ಕದಲ್ಲೇ ಇರುವ ಹೊಸ ಲ್ಯಾಪ್‌ಟಾಪ್ ಕಾಯಬೇಕು. ಒಂದು ದುರ್ಬಲ ಕೊಂಡಿ ಇಡೀ ಮನೆಯ ವೇಗವನ್ನು ತನ್ನ ಮಟ್ಟಕ್ಕೆ ಎಳೆಯುವುದು ಹೀಗೆ. ಅಜ್ಜಿಯ ಕೋಣೆಯ ಹಳೆಯ ಟ್ಯಾಬ್ ಆರಿಸಿದಾಗ ಹಾಲಿನ ಲ್ಯಾಪ್‌ಟಾಪ್ ಚುರುಕಾದರೆ ಅದರಲ್ಲಿ ಮಾಯೆಯೇನೂ ಇಲ್ಲ.

ನಮ್ಮ ಮನೆಗಳಲ್ಲಿ ರೌಟರ್ ಎಲ್ಲಿರುತ್ತದೆ ನೋಡಿ. ಕಂಬದಿಂದ ಬಂದ ಕೇಬಲ್ ಮುಂಬಾಗಿಲ ಪಕ್ಕದ ಕಿಟಕಿಯಲ್ಲಿ ಒಳಗೆ ಬರುತ್ತದೆ, ಸಂಪರ್ಕ ಕೊಡಲು ಬಂದ ಹುಡುಗರು ಅಲ್ಲೇ ಟಿವಿಯ ಹಿಂದೆ ಅಥವಾ ಷೋಕೇಸಿನೊಳಗೆ ಪೆಟ್ಟಿಗೆ ಇಟ್ಟು ಹೋಗುತ್ತಾರೆ. ಓದುವ ಮಗುವಿನ ಮೇಜು ಇರುವುದು ಹಿಂದಿನ ಕೋಣೆಯಲ್ಲಿ. ನಡುವೆ ಒಂಬತ್ತು ಇಂಚಿನ ಗೋಡೆ, ಹಳೆಯ ಮನೆಯಾದರೆ ಸೈಜುಗಲ್ಲಿನ ಗೋಡೆ, ಜೊತೆಗೊಂದು ಕಬ್ಬಿಣದ ಬೀರು. ಲೋಹ ಅಲೆಗಳನ್ನು ಹಿಂದಕ್ಕೆ ತಳ್ಳುತ್ತದೆ, ನೀರು ನುಂಗುತ್ತದೆ, ಕಬ್ಬಿಣದ ಸರಳಿನ ಕಾಂಕ್ರೀಟು ಬಹುಪಾಲನ್ನು ಅಲ್ಲೇ ಮುಗಿಸುತ್ತದೆ. ರೌಟರನ್ನು ಮನೆಯ ನಡುವಿಗೆ ತಂದು ಎದೆಯೆತ್ತರದಲ್ಲಿ ಬಯಲಾಗಿ ಇಡುವುದು ಇದಕ್ಕೆ ಮೊದಲ ಔಷಧ. ಅಲ್ಲಿಯವರೆಗೆ ಎಳೆಯಬೇಕಾದ ಲ್ಯಾನ್ ಕೇಬಲ್ ನೂರು ಮೀಟರ್‌ವರೆಗೂ ನಡೆಯುತ್ತದೆ. ಎರಡನೆಯದು 5 ಗಿಗಾಹರ್ಟ್ಸ್‌ಗೆ ಬದಲಾಗುವುದು. ಅಲ್ಲಿ ಚಾನೆಲ್‌ಗಳು ಧಾರಾಳ. 2018ರಲ್ಲಿ ಕೇಂದ್ರ ಸರ್ಕಾರ ಆ ಪಟ್ಟಿಯ ಇನ್ನಷ್ಟು ಭಾಗವನ್ನು ಪರವಾನಗಿಯಿಲ್ಲದೆ ಬಳಸಲು ಬಿಟ್ಟುಕೊಟ್ಟಿದೆ. ಅದರ ಅಲೆ ಗೋಡೆ ದಾಟುವುದರಲ್ಲಿ ಹಿಂದೆ. ಒತ್ತೊತ್ತಾದ ಬೀದಿಯಲ್ಲಿ ಇದು ಕೊರತೆಗಿಂತ ವರವೇ ಸರಿ, ಏಕೆಂದರೆ ಪಕ್ಕದ ಮನೆಯ ಗದ್ದಲವೂ ಒಳಗೆ ಬರುವುದಿಲ್ಲ.

ವೈ-ಫೈ ಸರಿಯಿದ್ದೂ ಸಂಜೆ ಮಾತ್ರ ಎಲ್ಲವೂ ಜಡವಾಗುವುದಿದೆ. 2010ರಲ್ಲಿ ಜಿಮ್ ಗೆಟ್ಟಿಸ್ ಎಂಬ ಅನುಭವಿ ಎಂಜಿನಿಯರ್ ತಮ್ಮ ಮನೆಯಿಂದ ದೊಡ್ಡ ಫೈಲುಗಳನ್ನು ಕಳಿಸುತ್ತಿದ್ದಾಗ ಸುತ್ತಿನ ಸಮಯ ಒಂದು ಸೆಕೆಂಡನ್ನೂ ಮೀರಿದ್ದು ಕಂಡರು. ಕಾರಣ ಮನೆಯ ಪೆಟ್ಟಿಗೆಯೊಳಗಿನ ಬಫರ್. ಮೆಮೊರಿ ಅಗ್ಗವಾಯಿತೆಂದು ತಯಾರಕರು ಪ್ಯಾಕೆಟ್ ಬೀಳದಿರಲೆಂದು ದೊಡ್ಡ ದೊಡ್ಡ ಸಂಗ್ರಹ ಇಟ್ಟರು. ಜೇಕಬ್‌ಸನ್ ಸೂತ್ರ ನಡೆಯುವುದೋ ಪ್ಯಾಕೆಟ್ ಬಿದ್ದಾಗ. ಬೀಳದಿದ್ದರೆ ಕಳಿಸುವವನಿಗೆ ದಾರಿ ತುಂಬಿದೆ ಎಂಬುದೇ ಗೊತ್ತಾಗದು, ಸಂಗ್ರಹ ತುಂಬುತ್ತಲೇ ಹೋಗುತ್ತದೆ, ಹಿಂದೆ ಬಂದ ಪುಟ್ಟ ಕೋರಿಕೆ ಅದರ ತುದಿಯಲ್ಲಿ ನಿಲ್ಲುತ್ತದೆ. ಮದುವೆ ಮುಗಿಸಿ ಬಂದ ಮನೆಯಲ್ಲಿ ಎಲ್ಲರ ಫೋನೂ ನೂರಾರು ಫೋಟೊ-ವಿಡಿಯೊಗಳನ್ನು ತಾನಾಗಿಯೇ ಬ್ಯಾಕಪ್ ಮಾಡತೊಡಗಿದಾಗ ಆಗುವುದು ಇದೇ. ಪರೀಕ್ಷೆ ಸುಲಭ: ಸುತ್ತಿನ ಸಮಯ ಅಳೆಯುವ ಪಿಂಗ್ ಆದೇಶ ಕೊಟ್ಟು ಅಂಕಿ ನೋಡುತ್ತ, ದೊಡ್ಡ ವಿಡಿಯೊ ಒಂದನ್ನು ಅಪ್‌ಲೋಡ್ ಮಾಡಿ. ಹತ್ತರಲ್ಲಿದ್ದ ಸಂಖ್ಯೆ ಐನೂರಕ್ಕೆ ಹಾರಿದರೆ ರೋಗ ಸಿಕ್ಕಿತು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಜೊತೆ ಸೇರಿ ಇದಕ್ಕೆ ಕೋಡೆಲ್ ಎಂಬ ಪರಿಹಾರ ಕೊಟ್ಟವರೂ ಅದೇ ಜೇಕಬ್‌ಸನ್. ಪ್ಯಾಕೆಟ್ ಎಷ್ಟು ಹೊತ್ತು ಕಾದಿದೆ ಎಂದು ಅಳೆದು, ಕಾಯುವಿಕೆ ಅತಿಯಾದರೆ ಕೆಲವನ್ನು ಬೇಕೆಂದೇ ಬೀಳಿಸುವುದು ಅದರ ಕ್ರಮ. ಕೆಲವು ರೌಟರುಗಳಲ್ಲಿ ಇದು ಎಸ್‌ಕ್ಯೂಎಂ ಎಂಬ ಹೆಸರಿನಲ್ಲಿದೆ. ಇಲ್ಲದಿದ್ದರೆ ಬ್ಯಾಕಪ್ ರಾತ್ರಿಗೆ ಹಾಕಿದರಾಯಿತು.

ಮನೆಯ ಹೊರಗಿನ ದಾರಿ ನಮ್ಮ ಕೈಯಲ್ಲಿಲ್ಲ, ಆದರೂ ಒಂದು ಮಾತು ತಿಳಿದಿರಲಿ. ಈ ಭಾಗದಲ್ಲಿ ಫೈಬರ್ ಎಷ್ಟೋ ಕಡೆ ಕಂಬದಿಂದ ಮರಕ್ಕೆ, ಮರದಿಂದ ತಾರಸಿಗೆ ತೂಗುತ್ತ ಬರುತ್ತದೆ. ಕೊಂಬೆ ಬಿದ್ದಾಗ, ಪಾಲಿಕೆಯವರು ನೇತಾಡುವ ಕೇಬಲ್ ಕತ್ತರಿಸಿದಾಗ, ತಂತಿ ಚೂಪಾಗಿ ಬಾಗಿದಾಗ ಬೆಳಕು ಸೋರುತ್ತದೆ. ಪೂರ್ತಿ ಕಡಿದರೆ ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತುತ್ತದೆ, ಯಾರಿಗಾದರೂ ತಿಳಿಯುತ್ತದೆ. ಅರೆಬರೆ ಸೋರಿದಾಗ ನೂರಕ್ಕೊಂದೆರಡು ಪ್ಯಾಕೆಟ್ ಕಳೆಯುತ್ತಿರುತ್ತದೆ; ಅದನ್ನು ಕಳಿಸುವ ಸರ್ವರ್ ದಟ್ಟಣೆಯೆಂದೇ ತಿಳಿದು ಪ್ರತಿ ಸಲವೂ ಹಿಂಜರಿಯುತ್ತದೆ. ಸಂಪರ್ಕ ಇದೆ, ವೇಗ ಇಲ್ಲ. ರಿಪೇರಿಗೆ ಬಂದವರಿಗೆ "ಪವರ್ ಎಷ್ಟು ಬರ್ತಿದೆ ನೋಡಿ" ಎಂದು ಕೇಳಿ. ಮೈನಸ್ 20 ಡಿಬಿಎಂ ಆಸುಪಾಸು ಇದ್ದರೆ ಕ್ಷೇಮ. ಮೈನಸ್ 27ರ ಹತ್ತಿರ ಬಂದರೆ ಎಲ್ಲೋ ಬಾಗಿದೆ, ಇಲ್ಲವೇ ಜೋಡಣೆ ಕೆಟ್ಟಿದೆ.

ಇಷ್ಟೆಲ್ಲ ಚೆನ್ನಾಗಿದ್ದು ಒಂದೇ ಲ್ಯಾಪ್‌ಟಾಪ್ ನಿಧಾನ ಎಂದಾದರೆ ನೋಡಬೇಕಾದ್ದು ಅದರೊಳಗೆ. ಮೊದಲು ಖಾಸಗಿ ವಿಂಡೋ ತೆರೆದು ಅದೇ ಪುಟಕ್ಕೆ ಹೋಗಿ. ಅಲ್ಲಿ ಎಕ್ಸ್‌ಟೆನ್ಷನ್‌ಗಳು ಸಾಮಾನ್ಯವಾಗಿ ಓಡುವುದಿಲ್ಲ. ಬೇಗ ಬಂದರೆ ಅವನ್ನು ಒಂದೊಂದಾಗಿ ತೆಗೆದು ನೋಡಬೇಕು. ಕ್ರೋಮ್‌ನಲ್ಲಿ ಶಿಫ್ಟ್-ಎಸ್ಕೇಪ್ ಒತ್ತಿದರೆ ಯಾವ ಟ್ಯಾಬ್ ಎಷ್ಟು ಮೆಮೊರಿ ತಿನ್ನುತ್ತಿದೆ ಎಂಬ ಪಟ್ಟಿ ಬರುತ್ತದೆ. 4 ಜಿಬಿ ರ‍್ಯಾಮ್‌ನ ಯಂತ್ರದಲ್ಲಿ ಮೂವತ್ತು ಟ್ಯಾಬ್ ತೆರೆದಿಟ್ಟರೆ ಜಾಗ ಸಾಲದೆ ಕೆಲವನ್ನು ಹಾರ್ಡ್ ಡಿಸ್ಕಿಗೆ ಸಾಗಿಸಬೇಕಾಗುತ್ತದೆ. ರ‍್ಯಾಮ್‌ಗಿಂತ ತಿರುಗುವ ಡಿಸ್ಕ್ ಸುಮಾರು ಒಂದು ಲಕ್ಷ ಪಟ್ಟು ನಿಧಾನ. ಅಂಥ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸುವುದು ಯಾವ ಪ್ಲ್ಯಾನ್‌ಗಿಂತಲೂ ಒಳ್ಳೆಯ ಖರ್ಚು. ಒಂದು ಜನಪ್ರಿಯ ಸಲಹೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ನಿಧಾನವೆಂದರೆ ಕ್ಯಾಶ್ ಅಳಿಸಿ ಎನ್ನುತ್ತಾರೆ. ಕ್ಯಾಶ್ ಇರುವುದೇ ತಂದದ್ದನ್ನು ಮತ್ತೆ ತರದಿರಲು. ಅಳಿಸಿದರೆ ಮುಂದಿನ ಸಲ ಎಲ್ಲ ಸುತ್ತನ್ನೂ ಹೊಸದಾಗಿ ಹಾಕಬೇಕು. ಪುಟ ಹಳತಾಗಿ ಅಥವಾ ಒಡೆದು ಕಂಡಾಗ ಅಷ್ಟೇ ಆ ಕೆಲಸ ಮಾಡಿ.

ಕನ್ನಡ ಪುಟಗಳಿಗೆ ತಮ್ಮದೇ ಒಂದು ಭಾರವಿದೆ. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ ಕನ್ನಡದ ಪ್ರತಿ ಸಂಕೇತಕ್ಕೆ ಮೂರು. 'ಸ್ತ್ರೀ' ಎಂದು ಬರೆದರೆ ಆರು ಸಂಕೇತ, ಹದಿನೆಂಟು ಬೈಟ್. ಸಂಕುಚನಗೊಳಿಸಿ ಕಳಿಸುವುದರಿಂದ ಇದು ದೊಡ್ಡ ಹೊರೆಯಲ್ಲ. ಹೊರೆ ಇರುವುದು ಫಾಂಟ್‌ನಲ್ಲಿ. ಒತ್ತಕ್ಷರ, ಗುಣಿತಾಕ್ಷರಗಳಿಗೆಲ್ಲ ರೂಪ ಬೇಕಾದ್ದರಿಂದ ಕನ್ನಡ ಫಾಂಟ್‌ನಲ್ಲಿ ನೂರಾರು ಆಕೃತಿಗಳಿರುತ್ತವೆ, ಕಡತ ದೊಡ್ಡದಾಗುತ್ತದೆ. ತಾಣದವರು ತಮ್ಮದೇ ಫಾಂಟ್ ಕಳಿಸಿದರೆ ಅದು ಬರುವವರೆಗೆ ಬ್ರೌಸರ್ ಮೂರು ಸೆಕೆಂಡಿನವರೆಗೂ ಅಕ್ಷರಗಳನ್ನು ಅಡಗಿಸಿಡುತ್ತದೆ. ಸುದ್ದಿ ಆಗಲೇ ಬಂದಿದೆ, ಕಾಣುತ್ತಿಲ್ಲ ಅಷ್ಟೇ. ಫಾಂಟ್ ಬರುವತನಕ ಯಂತ್ರದಲ್ಲೇ ಇರುವ ಕನ್ನಡ ಅಕ್ಷರ ತೋರಿಸು ಎಂದು ತಾಣದವರು ಒಂದು ಸಾಲು ಬರೆದರೆ ಈ ಕಷ್ಟ ತಪ್ಪುತ್ತದೆ. ಆ ಒಂದು ಸಾಲನ್ನು ಬರೆಯದವರ ಬಗ್ಗೆ ನನಗೆ ನಿಜಕ್ಕೂ ಬೇಸರವಿದೆ. ಹಳ್ಳಿಯ ಅಗ್ಗದ ಫೋನಿನಲ್ಲಿ ಕನ್ನಡ ಓದಲು ಕೂತವರಿಗೆ ಆ ಮೂರು ಸೆಕೆಂಡು ಪ್ರತಿ ಪುಟಕ್ಕೂ ಬರುತ್ತದೆ.

ಇನ್ನು ಅಂಗಡಿಯವರ ಎರಡನೇ ಮಾತು, ಸರ್ವರ್ ಬ್ಯುಸಿ. ಇದು ನೆಪವಲ್ಲ, ಗಣಿತ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎ.ಕೆ. ಎರ್ಲಾಂಗ್ 1909ರಲ್ಲಿ ಕರೆಗಳ ದಟ್ಟಣೆಯ ಬಗ್ಗೆ ಬರೆದ ಪ್ರಬಂಧದಿಂದ ಬೆಳೆದ ಶಾಸ್ತ್ರ ಹೇಳುವುದಿಷ್ಟು: ಕೋರಿಕೆಗಳು ಮನಬಂದಂತೆ ಬರುವಾಗ, ಸರ್ವರಿನ ಸಾಮರ್ಥ್ಯದ ಅರ್ಧ ಬಳಕೆಯಾದರೆ ಪ್ರತಿ ಕೋರಿಕೆಗೆ ಎರಡು ಪಟ್ಟು ಹೊತ್ತು ಹಿಡಿಯುತ್ತದೆ. ಶೇಕಡಾ 90 ಬಳಕೆಯಾದರೆ ಹತ್ತು ಪಟ್ಟು. 99 ಆದರೆ ನೂರು ಪಟ್ಟು. ಕುಸಿತ ನಿಧಾನವಾಗಿ ಬರುವುದಿಲ್ಲ, ಕೊನೆಯ ಒಂದಿಷ್ಟು ಜನ ಬಂದಾಗ ಒಮ್ಮೆಗೇ ಬರುತ್ತದೆ. 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಾಣವನ್ನು ಕಿಡಿಗೇಡಿಗಳು ಸುಳ್ಳು ಕೋರಿಕೆಗಳ ಮಳೆ ಸುರಿಸಿ ಕಟ್ಟಿಹಾಕಿದ್ದು ಇದೇ ಗಣಿತದ ಬಲದಿಂದ. ಆಗ ಆಸ್ತಿ ನೋಂದಣಿಗೆ ಬಂದವರು ಉಪನೋಂದಣಿ ಕಚೇರಿಗಳಲ್ಲಿ ಕಾಯಬೇಕಾಯಿತು.

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಕಿಡಿಗೇಡಿಗಳೇ ಬೇಕಿಲ್ಲ. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು, ಅವರ ಅಪ್ಪ-ಅಮ್ಮ, ಶಾಲೆಯವರು ಒಂದೇ ಗಳಿಗೆಯಲ್ಲಿ ಒಂದೇ ವಿಳಾಸಕ್ಕೆ ಬರುತ್ತಾರೆ. ಪುಟ ಬಾರದಿದ್ದಾಗ ಗಾಬರಿಯಲ್ಲಿ ರಿಫ್ರೆಶ್ ಒತ್ತುತ್ತಾರೆ. ಪ್ರತಿ ಒತ್ತುವಿಕೆಯೂ ಹೊಸ ಕೋರಿಕೆ, ಹಳೆಯದರ ಮೇಲೆ ಸರ್ವರ್ ಆಗಲೇ ಮಾಡಿದ ಕೆಲಸ ದಂಡ. ಆ ಹೊತ್ತಿನಲ್ಲಿ ಮನೆಯ ರೌಟರನ್ನು ಆರಿಸಿ ಹಾಕುವುದರಿಂದ ಏನೂ ಆಗದು. ಎಫ್12 ಒತ್ತಿ ನೋಡಿದರೆ 'ವೇಟಿಂಗ್' ಪಟ್ಟಿಯೊಂದೇ ಉದ್ದವಾಗಿ ನಿಂತಿರುತ್ತದೆ. ಹತ್ತು ನಿಮಿಷ ಬಿಟ್ಟು ಬರುವುದು ಅಥವಾ ಫಲಿತಾಂಶ ಸಿಗುವ ಬೇರೆ ದಾರಿಯನ್ನು, ಉದಾಹರಣೆಗೆ ಡಿಜಿಲಾಕರನ್ನು, ಹಿಡಿಯುವುದು ಮಗುವಿಗೂ ಒಳ್ಳೆಯದು, ಉಳಿದ ಮಕ್ಕಳಿಗೂ ಒಳ್ಳೆಯದು.

ಈ ನೂಕುನುಗ್ಗಲನ್ನು ತಾಣ ನಡೆಸುವವರೇ ತಪ್ಪಿಸಬಹುದು. ಫಲಿತಾಂಶವಾದರೋ ಪ್ರಕಟವಾಗುವ ಮೊದಲೇ ನಿಗದಿಯಾಗಿರುತ್ತದೆ. ಪ್ರತಿ ನೋಂದಣಿ ಸಂಖ್ಯೆಗೆ ಒಂದು ಪುಟವನ್ನು ಹಿಂದಿನ ರಾತ್ರಿಯೇ ಸಿದ್ಧಪಡಿಸಿ, ಬೆಂಗಳೂರು, ಚೆನ್ನೈ, ಮುಂಬೈಗಳ ಹತ್ತಾರು ಸರ್ವರ್‌ಗಳಲ್ಲಿ ಪ್ರತಿಗಳಾಗಿ ಇಟ್ಟುಬಿಡಬಹುದು. ಆಗ ಬೆಳಿಗ್ಗೆ ಯಾವ ಸರ್ವರೂ ಪ್ರತಿ ಕೋರಿಕೆಗೂ ದತ್ತಾಂಶಕೋಶ ಹುಡುಕಿ ಲೆಕ್ಕ ಕೂಡಿಸಬೇಕಾಗಿಲ್ಲ, ಇದ್ದ ಕಡತ ಎತ್ತಿಕೊಟ್ಟರೆ ಸಾಕು. ಸಂಖ್ಯೆಯೊಂದೇ ತಿಳಿದ ಪರರಿಗೆ ಅಂಕ ಕಾಣದಂತೆ ಕಡತದ ಹೆಸರಿಗೆ ಹುಟ್ಟಿದ ದಿನಾಂಕವನ್ನೂ ಸೇರಿಸಿ ಗೂಢಲಿಪಿ ಮಾಡಬಹುದು. ಒಂದು ಅಂಕಪಟ್ಟಿಯ ಪುಟಕ್ಕೆ 10 ಕಿಲೋಬೈಟ್ ಎಂದು ಧಾರಾಳವಾಗಿ ಹಿಡಿಯೋಣ, ಅಂದರೆ ಜೇಕಬ್‌ಸನ್ ಸೂತ್ರದ ಮೊದಲ ಸುತ್ತಿನಲ್ಲೇ ಪೂರ್ತಿ ಬರುವಷ್ಟು. ಎಂಟು ಲಕ್ಷ ಮಕ್ಕಳಿಗೆ ಒಟ್ಟು 8 ಜಿಬಿ. ಇಡೀ ರಾಜ್ಯದ ಫಲಿತಾಂಶ ಒಂದು ಸಾಧಾರಣ ಪೆನ್‌ಡ್ರೈವ್‌ನಲ್ಲಿ ಹಿಡಿಸುತ್ತದೆ.